ಮುಳ್ಳು ಎಲ್ಲಿ ಅದ ನೋಡು

ಹೋದ ವರ್ಷ ದಸರಾ ಸಂಜೆ ಸೂಪರ್ ಮಾರ್ಕೆಟ್‌ನಿಂದ ಒಂದು ಕಟ್ಟು ಬನ್ನಿ ತಂದಿದ್ದೆ. 20 ರೂಪಾಯಿ. ದೊಡ್ಡವರ ಕೈಗೆ ಎಲೆ ಕೊಟ್ಟು, ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂದು, ಎಲ್ಲರೂ ಎಲ್ಲರಿಗೂ ಕೊಟ್ಟು ಮುಗಿದಿತ್ತು. ಟೀಪಾಯಿ ಮೇಲೆ ಎಲೆಗಳ ಗುಡ್ಡೆ. ಅಣ್ಣನ ಮಗ ಅದರಲ್ಲಿ ಒಂದನ್ನು ಎತ್ತಿ ಫೋನಿನ ಮುಂದೆ ಹಿಡಿದ. ಎಂಟನೇ ಕ್ಲಾಸಿನ ಹುಡುಗ. ಫೋಟೋ ತೆಗೆದರೆ ಗಿಡದ ಹೆಸರು ಹೇಳುವ ಆ್ಯಪ್ ಅವನಿಗೆ ಹೊಸದಾಗಿ ಸಿಕ್ಕಿತ್ತು. ಬೆಳಗಿನಿಂದ ನಮ್ಮ ತುಳಸಿ, ಕರಿಬೇವು, ಪಕ್ಕದ ಮನೆಯ ದಾಸವಾಳ ಎಲ್ಲದರ ಪರೀಕ್ಷೆ ಆಗಿತ್ತು. "ಅತ್ತಿ, ಇದು ಬನ್ನಿ ಅಲ್ಲಂತ ನೋಡು" ಅಂದ.

ಫೋನಿಗೇನು ಗೊತ್ತು ಅಂತ ನಕ್ಕುಬಿಟ್ಟೆ. ಅವನು ಬಿಡಲಿಲ್ಲ. ಬೌಹಿನಿಯಾ ರೇಸಿಮೋಸಾ ಅಂತ ತೋರಿಸಿದ. ಕೆಳಗೆ ಫೋಟೋಗಳಿದ್ದವು. ಎರಡು ಸೀಳಿನ ಸಣ್ಣ ಎಲೆ, ದನದ ಗೊರಸಿನ ಗುರುತಿನ ಹಾಗೆ. ಟೀಪಾಯಿ ಮೇಲಿದ್ದದ್ದೂ ಅದೇ ಎಲೆ. ಆಗ ನನಗೆ ನಮ್ಮ ಹೊಲದ ಬನ್ನಿ ಗಿಡ ನೆನಪಾಯಿತು. ಅದರ ಎಲೆ ಹೀಗಿಲ್ಲವೇ ಇಲ್ಲ. ಹುಣಸೆ ಎಲೆಯ ಹಾಗೆ ಸಣ್ಣಸಣ್ಣದು, ಕಡ್ಡಿಯ ಎರಡೂ ಕಡೆ ಸಾಲು ಸಾಲು. ಆ ಗಿಡದ ನೆರಳಲ್ಲಿ ಬೆಳೆದವಳು ನಾನು. ಈ ಎಲೆಯನ್ನೂ ನಲವತ್ತು ದಸರಾಗಳಿಂದ ಕೈಯಿಂದ ಕೈಗೆ ಕೊಟ್ಟಿದ್ದೇನೆ. ಎರಡಕ್ಕೂ ಬನ್ನಿ ಅಂತಲೇ ಅಂದಿದ್ದೇನೆ. ಎರಡೂ ಒಂದೇ ಗಿಡ ಅಲ್ಲ ಅನ್ನೋದು ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ.

ಹುಡುಗನ ಮುಂದೆ ಸೋತದ್ದು ದೊಡ್ಡ ವಿಷಯ ಅಲ್ಲ. ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲವಲ್ಲ, ಅದು ಕೊರೆಯತೊಡಗಿತು.

ಒಂದು ಹೆಸರು, ಎರಡು ಗಿಡ

(ನಮ್ಮ ಕಡೆ ಎಷ್ಟೇ ದೊಡ್ಡದಿದ್ದರೂ ಗಿಡವೇ. ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ. ಬೆಂಗಳೂರಿನ ಗೆಳತಿಯರು ನಗುತ್ತಾರೆ. ನಗಲಿ. ಈ ಬರಹದಲ್ಲಿ ಮರವೂ ಬರುತ್ತದೆ, ಗಿಡವೂ ಬರುತ್ತದೆ. ಎರಡೂ ಒಂದೇ ಅಂತ ತಿಳಿದುಕೊಳ್ಳಿ.)

ಆಮೇಲೆ ಕೇಳುತ್ತಾ ಹೋದಾಗ ಗೊತ್ತಾಯಿತು, ಗೊಂದಲ ನನ್ನೊಬ್ಬಳದ್ದಲ್ಲ, ನಾವಿರುವ ಕಲಬುರಗಿ ಕಡೆಯದ್ದು. ಬೀದರಿನ ಮರಾಠಿ ಮಾತಾಡುವ ಮನೆಗಳಲ್ಲಿ ಆ ಎರಡು ಸೀಳಿನ ಎಲೆಗೆ ಆಪ್ಟಾ ಅನ್ನುತ್ತಾರೆ. ದಸರಾದಲ್ಲಿ ಅದನ್ನೇ ಬಂಗಾರ ಅಂತ ಕೊಡುತ್ತಾರೆ. ಇತ್ತ ಗಡಿ ದಾಟಿ ತಾಂಡೂರಿನ ಕಡೆ ಹೋದರೆ ಕೊಡೋದು ಜಮ್ಮಿ ಎಲೆ. ಜಮ್ಮಿ ಅಂದರೆ ನಮ್ಮ ಹೊಲದ ಬನ್ನಿಯೇ, ಶಮಿ. ತೆಲಂಗಾಣ ಅದನ್ನು ತನ್ನ ರಾಜ್ಯ ವೃಕ್ಷ ಮಾಡಿಕೊಂಡಿದೆ. ನಾವು ಎರಡರ ನಡುವೆ ಕೂತವರು. ಎಲೆ ಅವರದ್ದು ತಗೊಂಡೆವು, ಪೂಜೆ ಇವರ ಗಿಡಕ್ಕೆ ಮಾಡಿದೆವು, ಹೆಸರು ಮಾತ್ರ ಒಂದೇ ಇಟ್ಟುಕೊಂಡೆವು. ಪಾಂಡವರ ಕಥೆ ನಿಮಗೆ ಗೊತ್ತೇ ಇದೆ. ಆಪ್ಟಾ ಗಿಡ ನೋಡಿದ ಮೇಲೆ ನನಗನ್ನಿಸಿದ್ದು ಇಷ್ಟೇ: ಆ ಡೊಂಕು ಟೊಂಗೆಗಳ ಗಿಡ್ಡ ಗಿಡದಲ್ಲಿ ಗಾಂಡೀವ ಬಿಡಿ, ಒಂದು ಬಡಿಗೆ ಇಟ್ಟರೂ ದಾರಿಹೋಕರಿಗೆ ಕಾಣುತ್ತದೆ.

ಹಾಗಂತ ಆಪ್ಟಾ ಕೆಲಸಕ್ಕೆ ಬಾರದ ಗಿಡ ಅಲ್ಲ. ತೊಗಟೆ ಸುಲಿದು ನಾರು ತೆಗೆದರೆ ಹಗ್ಗ ಹೊಸೆಯಬಹುದು. ಎಲೆಯನ್ನು ಬೀಡಿ ಸುತ್ತೋಕೂ ಬಳಸುತ್ತಾರೆ. ಮನೆ ಅಂಗಳದಲ್ಲಿ ಹಾಕುವ ಬಸವನಪಾದದ ಹೂವಿನ ಗಿಡ ಇದರ ಅಕ್ಕನೋ ತಂಗಿಯೋ. ಎಲೆ ನೋಡಿದರೆ ಸಾಕು, ಒಂದೇ ಮನೆತನ ಅಂತ ಹೇಳಬಹುದು.

ಮುತ್ಯಾನ ಪಾಠ

ಹುಡುಗ ಆ್ಯಪ್ ತೋರಿಸಿದ ರಾತ್ರಿ ಮುತ್ಯಾ, ಅಂದರೆ ನಮ್ಮ ಅಜ್ಜ, ಬಹಳ ನೆನಪಾದ. ನನಗೆ ಆಗ ಒಂಬತ್ತೋ ಹತ್ತೋ. ನಮ್ಮದು ಚಿಂಚೋಳಿ ತಾಲ್ಲೂಕಿನ ಒಂದು ಸಣ್ಣ ಊರು. ದಸರಾ ಹಿಂದಿನ ದಿನ ಕೂರಿಗೆ, ಕುಂಟೆ, ಕುಡಗೋಲು ಎಲ್ಲ ತೊಳೆದು ಜಗಲಿ ಮುಂದೆ ಇಟ್ಟಿದ್ದರು. ಹೊಲಕ್ಕೆ ಹೋಗಿ ಬನ್ನಿಯ ಒಂದು ಟೊಂಗೆ ಮುರಿದುಕೊಂಡು ಬಾ ಅಂತ ಮುತ್ಯಾ ನನ್ನನ್ನು ಕಳಿಸಿದ. ಹೊಲ ಎರಡು ಮೈಲಿ. ಬಿಸಿಲು. ಊರ ಹಳ್ಳದ ದಂಡೆಯಲ್ಲಿ ಅಂಥದ್ದೇ ಸಣ್ಣ ಎಲೆಯ, ಮುಳ್ಳಿನ ಗಿಡ ಬೇಕಾದಷ್ಟು ಇದ್ದವು. ಒಂದು ಟೊಂಗೆ ಮುರಿದು, ಅಲ್ಲೇ ಸ್ವಲ್ಪ ಹೊತ್ತು ಆಡಿ, ದೂರದಿಂದ ಬಂದವಳ ಹಾಗೆ ಏದುಸಿರು ಬಿಡುತ್ತಾ ಮನೆಗೆ ಬಂದೆ.

ಮುತ್ಯಾ ಟೊಂಗೆ ಕೈಗೆ ತಗೊಂಡ. ಎಲೆ ನೋಡಲಿಲ್ಲ. ಹೆಬ್ಬೆರಳಿನಿಂದ ಕಡ್ಡಿಯನ್ನು ಮೇಲಿಂದ ಕೆಳಗೆ ಸವರಿದ, ಅಷ್ಟೇ. "ಹಳ್ಳದಾಗಿಂದು ತಂದೀ" ಅಂದ. ಬೈಯಲಿಲ್ಲ. ಮರುದಿನ ನಸುಕಿನಲ್ಲಿ ಎಬ್ಬಿಸಿ ಹೊಲಕ್ಕೆ ನಡೆಸಿಕೊಂಡು ಹೋದ. ಹೋಗುತ್ತಾ ಹಳ್ಳದ ಹತ್ತಿರ ಆ ಗಿಡದ ಇನ್ನೊಂದು ಟೊಂಗೆ ಮುರಿದು ಕೈಗೆ ಕೊಟ್ಟ. ಹೊಲದಲ್ಲಿ ಬನ್ನಿಯದ್ದೂ ಒಂದು ಮುರಿದ. ಎರಡನ್ನೂ ಒಂದರ ಪಕ್ಕ ಒಂದು ನೆಲದ ಮೇಲಿಟ್ಟ.

"ಎಲಿ ನೋಡಬ್ಯಾಡ. ಎಲಿ ಎಲ್ಲಾ ಒಂದೇ ಥರ ಇರ್ತಾವ. ಮುಳ್ಳು ಎಲ್ಲಿ ಅದ ನೋಡು."

ನೋಡಿದೆ. ಹಳ್ಳದ ಗಿಡದಲ್ಲಿ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲೇ ಇತ್ತು. ಉದ್ದ, ಗಟ್ಟಿ, ಹೆಚ್ಚಿನ ಕಡೆ ಜೋಡಿ. ಬನ್ನಿಯಲ್ಲಿ ಗೆಣ್ಣಿನಲ್ಲಿ ಮುಳ್ಳಿಲ್ಲ. ಒಂದು ಎಲೆಗೂ ಇನ್ನೊಂದು ಎಲೆಗೂ ನಡುವಿನ ಕಡ್ಡಿಯ ಮೇಲೆ ಅಲ್ಲೊಂದು ಇಲ್ಲೊಂದು. ಗಿಡ್ಡ ಮುಳ್ಳು, ಬುಡ ಅಗಲ, ತುದಿ ಚೂಪು. ಸವರಿದರೆ ಗುಲಾಬಿ ಕಡ್ಡಿ ಸವರಿದ ಹಾಗೆ. ಅದನ್ನೇ ಮುತ್ಯಾನ ಹೆಬ್ಬೆರಳು ಓದಿತ್ತು.

ಅಂದು ವಾಪಸ್ ಬರುತ್ತಾ ದಾರಿಯುದ್ದಕ್ಕೂ ಮುಳ್ಳಿನ ಪಾಠವೇ. ಕರಿಜಾಲಿಗೆ ಬಿಳಿ ಸೂಜಿಯಂಥ ಜೋಡಿ ಮುಳ್ಳು. ಬಾರಿ ಗಿಡಕ್ಕೂ ಗೆಣ್ಣಿಗೆ ಎರಡು, ಆದರೆ ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿದ್ದು. "ಒಂದು ಒಳಗ ಬಿಟ್ಟುಕೊಳ್ತದ, ಇನ್ನೊಂದು ಹೊರಗ ಬಿಡಂಗಿಲ್ಲ" ಅಂದ ಮುತ್ಯಾ. ಬಾರಿಹಣ್ಣಿನ ಆಸೆಗೆ ಕೈ ಹಾಕಿ ಅಂಗಿ ತೋಳು ಹರಿದುಕೊಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹಳ್ಳದ ಗಿಡ ಯಾವುದು ಅಂತ ನೀವು ಊಹಿಸಿರುತ್ತೀರಿ. ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದ್ದು, ಹುಟ್ಟು ಅಮೆರಿಕ ಖಂಡದ್ದು. 1870ರ ದಶಕದಲ್ಲಿ ಉರುವಲಿಗೆ ಆಗುತ್ತದೆ, ಬರಡು ನೆಲ ಹಸಿರಾಗುತ್ತದೆ ಅಂತ ಈ ದೇಶಕ್ಕೆ ಬೀಜ ತಂದರು. ಕಾಯಿ ಸಿಹಿ. ಆಡು, ದನ ತಿನ್ನುತ್ತವೆ. ಒಳಗಿನ ಬೀಜ ಗಟ್ಟಿ, ಹೊಟ್ಟೆಯಲ್ಲಿ ಕರಗೋದಿಲ್ಲ, ಸಗಣಿಯ ಜೊತೆ ಗೊಬ್ಬರ ಸಮೇತ ಹೊಸ ಜಾಗಕ್ಕೆ ಹೋಗಿ ಬೀಳುತ್ತದೆ. ಇನ್ನೇನು ಬೇಕು? ಇವತ್ತು ಯಾದಗಿರಿಯಿಂದ ಶಹಾಪುರದ ಕಡೆ ಬಸ್ಸಿನಲ್ಲಿ ಹೋದರೆ ಕಿಟಕಿಯಲ್ಲಿ ಅದೇ ಅದು. ಬೈಯೋಕೆ ಮನಸ್ಸಾಗುತ್ತದೆ. ಆದರೆ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ. ಅದರ ಇದ್ದಿಲು ಮಾರಿ ಹೊಟ್ಟೆ ಹೊರೆದವರೂ ಇದ್ದಾರೆ.

ಈಚೆಗೆ ಓದಿದ ಒಂದು ವಿಷಯ ಮುತ್ಯಾನಿಗೆ ಹೇಳೋಕೆ ಆಗಲಿಲ್ಲವಲ್ಲ ಅನ್ನಿಸಿತು. ಸಸ್ಯಶಾಸ್ತ್ರದವರು ಬನ್ನಿ ಮತ್ತು ಬಳ್ಳಾರಿ ಜಾಲಿ ಎರಡನ್ನೂ ಬಹುಕಾಲ ಪ್ರೊಸೋಪಿಸ್ ಅನ್ನುವ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ಒಡೆದರು. ಬನ್ನಿ ಪ್ರೊಸೋಪಿಸ್ ಆಗಿಯೇ ಉಳಿಯಿತು. ಬಳ್ಳಾರಿ ಜಾಲಿಗೆ ನೆಲ್ಟೂಮಾ ಅಂತ ಬೇರೆ ಮನೆ ಕಟ್ಟಿದರು. ಇವೆರಡು ಒಂದೇ ಮನೆಯವಲ್ಲ ಅನ್ನೋದು ನಮ್ಮ ಹೊಲದಲ್ಲಿ ನೆಲದ ಮೇಲೆ ಎರಡು ಟೊಂಗೆ ಇಟ್ಟಾಗಲೇ ತೀರ್ಮಾನ ಆಗಿತ್ತು.

ಜಾಲಿ, ಅಂಟು, ಸಾರಾಯಿ

ಜಾಲಿ ಅಂದರೆ ಮುಳ್ಳು, ಅಷ್ಟೇ ಅನ್ನುವವರು ಬಾಣಂತಿ ಮನೆಯ ಅಂಟಿನ ಉಂಡಿ ತಿಂದಿಲ್ಲ. ಆ ಅಂಟು ಜಾಲಿ ಜಾತಿಯ ಗಿಡಗಳ ತೊಗಟೆಯಿಂದ ಒಸರಿ ಗಟ್ಟಿಯಾದದ್ದು. ಬಿಸಿ ತುಪ್ಪಕ್ಕೆ ಹಾಕಿದರೆ ಗಾಜಿನ ಚೂರಿನಂಥ ಹರಳು ಒಂದೇ ಕ್ಷಣದಲ್ಲಿ ಅರಳಿ ಬೆಳ್ಳಗೆ ಹಗುರ ಆಗುತ್ತದೆ. ನಾವು ಹುಡುಗರು ಅಷ್ಟು ಕಾಯುತ್ತಿರಲಿಲ್ಲ. ಬೇಸಿಗೆಯಲ್ಲಿ ಕರಿಜಾಲಿಗೆ ಯಾರಾದರೂ ಕೊಡಲಿ ಹಾಕಿದ ಜಾಗ ಹುಡುಕಿ, ಜೇನಿನ ಬಣ್ಣದ ಅಂಟು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ರುಚಿ ಅಂತ ಏನೂ ಇಲ್ಲ. ಹಲ್ಲಿಗೆ ಅಂಟಿಕೊಂಡು ಒಂದು ಗಂಟೆ ಕೆಲಸ ಕೊಡುತ್ತದೆ, ಅದೇ ಖುಷಿ.

ಕರಿಜಾಲಿ ಕಾಯಿ ನೋಡಿದರೆ ಮರೆಯೋಕೆ ಆಗೋದಿಲ್ಲ. ಮಣಿ ಪೋಣಿಸಿದ ಸರದ ಹಾಗೆ ಬೀಜ ಬೀಜದ ನಡುವೆ ಸೊಂಟ ಇರುತ್ತದೆ. ಕುರಿ ಕಾಯುವವರು ಉದ್ದ ಕೊಕ್ಕೆಯಿಂದ ಟೊಂಗೆ ಅಲ್ಲಾಡಿಸಿದರೆ ಕುರಿಗಳೆಲ್ಲ ಓಡಿ ಬರುತ್ತವೆ. ಚರ್ಮ ಹದ ಮಾಡೋಕೂ ಈ ಕಾಯಿ, ತೊಗಟೆ ಬೇಕು. ಕಟ್ಟಿಗೆ ಕಬ್ಬಿಣದಂಥದ್ದು. ಬಂಡಿ ಗಾಲಿ, ಕುಂಟೆ, ಕೊಡಲಿ ಕಾವು, ಎಲ್ಲದಕ್ಕೂ.

ಬಿಳಿಜಾಲಿ ಬೇರೆ. ದೂರದಿಂದಲೇ ತೊಗಟೆ ಬೆಳ್ಳಗೆ ಕಾಣುತ್ತದೆ. ಶಾಸ್ತ್ರೀಯ ಹೆಸರಿನ ಕೊನೆಯಲ್ಲಿ ಲ್ಯೂಕೋಫ್ಲಿಯಾ ಅಂತಿದೆ, ಅದರ ಅರ್ಥವೂ ಬಿಳಿ ತೊಗಟೆಯದ್ದು ಅಂತಲೇ. ನಮ್ಮವರಿಗೂ ಗ್ರೀಕ್ ಬಲ್ಲವರಿಗೂ ಕಂಡದ್ದು ಒಂದೇ. ಬೆಲ್ಲ ಕೊಳೆ ಹಾಕಿ ಸಾರಾಯಿ ಇಳಿಸುವವರು ಈ ತೊಗಟೆ ಹಾಕುತ್ತಿದ್ದರು. ನಮ್ಮ ಊರಿನಲ್ಲಿ ಬಿಳಿಜಾಲಿಯ ಮೈ ಮೇಲೆ ಹೊಸ ಗಾಯ ಕಂಡರೆ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಯಾಕೆ ಅಂತ ನನಗೆ ತಿಳಿದದ್ದು ಮದುವೆಯಾದ ಮೇಲೆ!

ಹೆಸರುಗಳ ಮಾತು ಬಂತಲ್ಲ, ಒಂದು ಅಡ್ಡ ಮಾತು. ಗಿಡದ ಹೆಸರು ನಂಬಿ ಊರು ಹುಡುಕಬಾರದು. ಬಳ್ಳಾರಿ ಜಾಲಿ ಬಳ್ಳಾರಿಯದ್ದಲ್ಲ. ಶಾಲೆ ಮುಂದೆ ಪೊಟ್ಟಣ ಕಟ್ಟಿ ಮಾರುತ್ತಿದ್ದ ವಿಲಾಯತಿ ಹುಣಸೆ, ಅಂದರೆ ಸೀಮೆಹುಣಸೆ, ವಿಲಾಯತಿಯದ್ದಲ್ಲ, ಮೆಕ್ಸಿಕೋ ಕಡೆಯದ್ದು. ಬೀದರಿನ ಗುಡ್ಡಗಳಲ್ಲಿ ತಾನೇ ಹುಟ್ಟಿ ಬೆಳೆಯುವ ಸೀತಾಫಲಕ್ಕೆ ಸೀತೆಯ ಹೆಸರಿದೆ, ಮೂಲ ಅಮೆರಿಕದ ಬಿಸಿ ನಾಡು. ಹುಣಸೆಯದ್ದು ಇನ್ನೂ ಮಜಾ. ಅರಬರು ಅದಕ್ಕೆ ಹಿಂದೂಸ್ತಾನದ ಖರ್ಜೂರ ಅಂತ ಹೆಸರಿಟ್ಟರು, ಇಂಗ್ಲಿಷಿನ ಟ್ಯಾಮರಿಂಡ್ ಬಂದದ್ದು ಅಲ್ಲಿಂದ. ಗಿಡದ ತವರು ಮಾತ್ರ ಆಫ್ರಿಕಾ. ಅದಿಲ್ಲದೆ ನಮ್ಮ ಸಾರು ಹೇಗೆ ಆಗುತ್ತಿತ್ತೋ.

ಬೇವು ಅಂತ ತಿಂದದ್ದು

ಗುರುತು ತಪ್ಪಿದರೆ ಏನಾಯಿತು, ಹೆಸರಿನಲ್ಲೇನಿದೆ ಅಂತ ಕೇಳುವವರಿಗೆ ಒಂದು ಘಟನೆ ಹೇಳಬೇಕು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಡೆದದ್ದು. ಬೇವಿನ ಹಣ್ಣು ಹಳ್ಳಿ ಮಕ್ಕಳಿಗೆ ಹೊಸದಲ್ಲ. ಜೂನ್ ಹೊತ್ತಿಗೆ ಹಳದಿಯಾಗಿ ಉದುರುತ್ತದೆ. ಸಿಪ್ಪೆ ಹಿಚುಕಿದರೆ ಅಂಟಂಟು ಸಿಹಿ ತಿರುಳು. ಎರಡು ಮೂರು ತಿನ್ನುವ ತನಕ ಸಿಹಿ, ಆಮೇಲೆ ನಾಲಿಗೆಯ ಹಿಂದೆ ಕಹಿ. ಬೀಜ ನುಂಗಬಾರದು, ಉಗುಳಬೇಕು. ಅಷ್ಟು ನಮಗೆಲ್ಲ ಗೊತ್ತಿತ್ತು.

ನಮ್ಮ ಶಾಲೆಯ ಕಾಂಪೌಂಡಿನ ಮೂಲೆಯಲ್ಲಿ ಇನ್ನೊಂದು ಗಿಡ ಇತ್ತು. ನೆರಳಿಗೆ ಅಂತ ಯಾರೋ ಹಚ್ಚಿದ್ದು. ಎಲೆ ದೂರದಿಂದ ಬೇವಿನ ಹಾಗೇ. ಚಳಿಗಾಲದಲ್ಲಿ ಎಲೆ ಉದುರಿ, ಗೋಲಿಯಂಥ ಹಳದಿ ಕಾಯಿಗಳು ಗೊಂಚಲು ಗೊಂಚಲಾಗಿ ಬರಿ ಟೊಂಗೆಯಲ್ಲಿ ತೂಗುತ್ತಿದ್ದವು. ಪಟ್ಟಣದಿಂದ ಹೊಸದಾಗಿ ಬಂದಿದ್ದ ಒಬ್ಬ ಹುಡುಗ, ನಾವು ಬೇವಿನ ಹಣ್ಣು ತಿನ್ನುವ ಕಥೆ ಕೇಳಿದ್ದ. ತಾನೂ ಹಳ್ಳಿಯವನೇ ಅಂತ ತೋರಿಸಬೇಕಿತ್ತೋ ಏನೋ. ಏಳೆಂಟು ತಿಂದ. ಮಧ್ಯಾಹ್ನದ ಬೆಲ್ ಹೊಡೆಯುವ ಮೊದಲೇ ವಾಂತಿ ಶುರುವಾಯಿತು. ಮಾಸ್ತರು ಸೈಕಲ್ ಮೇಲೆ ಕೂರಿಸಿಕೊಂಡು ಹೋದದ್ದು, ಅವನ ತಲೆ ಅವರ ಬೆನ್ನಿಗೆ ಒರಗಿದ್ದು ಇನ್ನೂ ಕಣ್ಣ ಮುಂದಿದೆ. ಮೂರು ದಿನ ಬಿಟ್ಟು ಶಾಲೆಗೆ ಬಂದ, ಪುಣ್ಯ. ಗಿಡ ಮಾತ್ರ ಆ ವಾರವೇ ಬುಡ ಸಮೇತ ಹೋಯಿತು.

ಅದು ಹುಚ್ಚುಬೇವು. ಬೇವಿನ ಕುಟುಂಬದ್ದೇ, ಆದರೆ ಕಾಯಿ ವಿಷ. ಗುರುತು ಕಷ್ಟವಿಲ್ಲ. ಬೇವಿನಲ್ಲಿ ಒಂದು ಉದ್ದ ಕಡ್ಡಿ, ಅದರ ಎರಡೂ ಕಡೆ ಗರಗಸದ ಅಂಚಿನ, ಕುಡುಗೋಲಿನ ಹಾಗೆ ಸ್ವಲ್ಪ ಬಾಗಿದ ಎಲೆಗಳು. ಹುಚ್ಚುಬೇವಿನಲ್ಲಿ ಆ ಕಡ್ಡಿ ಮತ್ತೆ ಕವಲೊಡೆಯುತ್ತದೆ, ಕವಲಿನ ಮೇಲೆ ಎಲೆ. ಬೇವಿನ ಹೂ ಬಿಳಿ, ಇದರದ್ದು ನಸು ನೇರಳೆ, ವಾಸನೆಯೂ ಚಂದ. ಬೇವಿನ ಹಣ್ಣು ಉದ್ದುದ್ದ, ಮಳೆ ಶುರುವಾಗುವಾಗ ಬರುತ್ತದೆ. ಇದರದ್ದು ದುಂಡಗೆ, ಚಳಿಯಲ್ಲಿ ತೂಗುತ್ತದೆ. ಇದರ ಗಟ್ಟಿ ಬೀಜಕ್ಕೆ ನಡುವೆ ತಾನೇ ತೂತಿನಂಥ ಜಾಗ ಇರುತ್ತದೆ, ಪೋಣಿಸಿ ಸರ ಮಾಡುತ್ತಾರೆ. ಈಗ ನಮ್ಮ ಕಡೆ ರೈತರು ಪ್ಲೈವುಡ್‌ಗೆ ಅಂತ ಎಕರೆಗಟ್ಟಲೆ ಹಾಕುತ್ತಿರುವ ಹೆಬ್ಬೇವು ಈ ಹುಚ್ಚುಬೇವಿನ ಹತ್ತಿರದ ನೆಂಟ. ಹೆಸರಲ್ಲಿ ಬೇವು ಇದೆ ಅಂತ ಮಕ್ಕಳು ಬಾಯಿಗೆ ಹಾಕಬಾರದು.

ಅಸಲಿ ಬೇವಿನ ಬಗ್ಗೆ ಹೇಳೋಕೆ ಹೋದರೆ ಮುಗಿಯೋದಿಲ್ಲ. ನಮ್ಮ ಮನೆಯಲ್ಲಿ ಯುಗಾದಿಗೆ ಬೇವು ತಿನ್ನುತ್ತಿರಲಿಲ್ಲ, ಕುಡಿಯುತ್ತಿದ್ದೆವು. ಹೂವು, ಬೆಲ್ಲ, ಹುಣಸೆಹುಳಿ, ಪುಟಾಣಿ ಹಿಟ್ಟು ಕಲಸಿದ ಪಾನಕ. ಆಯಿ ಮಳೆಗಾಲದಲ್ಲಿ ನಮ್ಮನ್ನೆಲ್ಲ ಕೂರಿಸಿ ಬೇವಿನ ಬೀಜ ಆರಿಸುತ್ತಿದ್ದಳು. ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಸೋಸಿದ ನೀರು ತೊಗರಿಗೆ. ಕೃಷಿ ಇಲಾಖೆಯವರು ಹೇಳುವ ಲೆಕ್ಕ ನೂರು ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳು. ಆಯಿಯ ಲೆಕ್ಕ ಬೊಗಸೆಯಲ್ಲಿತ್ತು. ಕಾಯಿಕೊರಕ ಹುಳ ಎರಡೂ ಲೆಕ್ಕಕ್ಕೆ ಹೆದರುತ್ತಿತ್ತು, ಆದರೆ ಮೊಟ್ಟೆ ಒಡೆದು ಹುಳ ಸಣ್ಣದಿದ್ದಾಗ ಹೊಡೆದರೆ ಮಾತ್ರ.

ಒಂದು ನೋಟ ಸಾಲದು

ಅಣ್ಣನ ಮಗನ ಆ್ಯಪ್ ನಾನೂ ಹಾಕಿಕೊಂಡೆ. ಹಾಕಿಕೊಂಡು ಮಾರ್ಚ್‌ನಲ್ಲಿ ಅವನನ್ನು ಕರೆದುಕೊಂಡು ಚಂದ್ರಂಪಳ್ಳಿ ಕಡೆ ಕಾಡಿಗೆ ಹೋದೆ. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಧಾಮ ಆಯಿತು. ಕಲಬುರಗಿಯಲ್ಲಿ ಕಾಡು ಇದೆ ಅಂದರೆ ಈಗಲೂ ಜನ ನಂಬೋದಿಲ್ಲ. ಆ ತಿಂಗಳಲ್ಲಿ ನೋಡಿದರೆ ನಂಬಿಸೋದೂ ಕಷ್ಟ. ಎಲೆ ಇಲ್ಲ. ಸುತ್ತ ಬೂದು ಬಣ್ಣದ ಬರಿ ಕಟ್ಟಿಗೆ. ಆ್ಯಪ್ ಎಲೆ ಕೇಳುತ್ತದೆ, ಹೂ ಕೇಳುತ್ತದೆ. ತೊಗಟೆ ತೋರಿಸಿದರೆ ಒಮ್ಮೆ ಒಂದು ಹೆಸರು, ಇನ್ನೊಮ್ಮೆ ಇನ್ನೊಂದು. ಹುಡುಗ ಅರ್ಧ ಗಂಟೆಯಲ್ಲಿ ಫೋನ್ ಜೇಬಿಗೆ ಹಾಕಿದ.

ಅಂಥ ಬೂದಿಯ ನಡುವೆ ಒಂದೇ ಒಂದು ಗಿಡ ಬೆಂಕಿ ಹಚ್ಚಿಕೊಂಡು ನಿಂತಿತ್ತು. ಮುತ್ತಲ. ಎಲೆ ಒಂದೂ ಇಲ್ಲ, ಮೈತುಂಬ ಕೆಂಪು-ಕಿತ್ತಳೆ ಹೂ, ಗಿಳಿ ಕೊಕ್ಕಿನ ಹಾಗೆ ಬಾಗಿದ್ದು. ಕೆಳಗೆ ಹತ್ತಿರದ ತಾಂಡಾದ ಇಬ್ಬರು ಹೆಣ್ಣುಮಕ್ಕಳು ಬಿದ್ದ ಹೂವು ಆರಿಸುತ್ತಿದ್ದರು. ಕೇಸುಲಾ ಅಂದರು. ಹೋಳಿ ಬಣ್ಣಕ್ಕೆ. ಕುದಿಸಿದರೆ ನೀರು ಕೇಸರಿ ಆಗುತ್ತದೆ. ಹುಡುಗ ಹೂವಿನ ಫೋಟೋ ತೆಗೆದ, ಆ್ಯಪ್ ಸರಿಯಾಗಿಯೇ ಹೇಳಿತು. ಆದರೆ ಅವನಿಗೆ ಆಶ್ಚರ್ಯ ಆದದ್ದು ಬೇರೆ. ಮದುವೆ ಊಟಕ್ಕೆ ಹಾಕುವ ಪತ್ರಾವಳಿಯ ಎಲೆ ಇದೇ ಗಿಡದ್ದು ಅಂದಾಗ ಅವನು ನಂಬಲಿಲ್ಲ. "ಎಲಿನೇ ಇಲ್ಲಲ್ಲ ಅತ್ತಿ?" ಅವನ ತಪ್ಪಲ್ಲ. ಮುತ್ತಲ ಹೂವಿನ ಕಾಲದಲ್ಲಿ ಒಂದು ಗಿಡ, ಎಲೆಯ ಕಾಲದಲ್ಲಿ ಇನ್ನೊಂದು ಗಿಡ.

ಜುಲೈಯಲ್ಲಿ ಮತ್ತೆ ಕರೆದುಕೊಂಡು ಹೋದೆ. ಅದೇ ಗಿಡ ಹುಡುಕೋಕೆ ಅರ್ಧ ದಿನ ಹೋಯಿತು. ಮೂರು ಮೂರು ಎಲೆಯ ಗುಂಪು, ಒಂದೊಂದು ಎಲೆ ಅಂಗೈಗಿಂತ ದೊಡ್ಡದು, ದಪ್ಪ, ಬೆನ್ನಿನ ಕಡೆ ಮೆತ್ತಗೆ. ಪತ್ರಾವಳಿ ಹಚ್ಚೋದು ನನಗೆ ಇನ್ನೂ ಮರೆತಿಲ್ಲ. ಜೋಳದ ದಂಟಿನ ಸಿಬಿರಿನಿಂದ ಎಲೆಗೆ ಎಲೆ ಚುಚ್ಚಿ ತೋರಿಸಿದೆ. ನಾಲ್ಕು ಎಲೆ ಹಚ್ಚುವಷ್ಟರಲ್ಲಿ ಸಿಬಿರು ಮುರಿದು ಬೆರಳಿಗೆ ಹೋಯಿತು. ಪಕ್ಕದಲ್ಲೇ ತೇಗದ ಎಳೆ ಎಲೆ ಕಿತ್ತು ಅವನ ಅಂಗೈಯಲ್ಲಿ ಉಜ್ಜಿಸಿದೆ. ಕೈ ಕೆಂಪಾಯಿತು. ಇದಕ್ಕೆ ಆ್ಯಪ್ ಬೇಡ, ಅಲ್ವಾ? ಸಂಜೆ ತನಕ ಕೈ ತೊಳೆಯದೆ ಎಲ್ಲರಿಗೂ ತೋರಿಸುತ್ತಾ ತಿರುಗಿದ.

ಬೇವಿನಲ್ಲೂ ನಾನು ಹೀಗೆ ಮೋಸ ಹೋಗಿದ್ದೇನೆ. ಈಚೆಗೆ ಮಳೆಗಾಲ ಮುಗಿಯುವಾಗ ಬೇವಿನ ತುದಿಗಳೆಲ್ಲ ಸುಟ್ಟ ಹಾಗೆ ಕಂದಾಗುತ್ತಿವೆ. ಶಿಲೀಂಧ್ರದಿಂದ ಬರುವ ತುದಿ ಒಣಗುವ ರೋಗ. ನಮ್ಮ ಓಣಿಯ ಬೇವು ನವೆಂಬರಿನಲ್ಲಿ ಸತ್ತೇ ಹೋಯಿತು ಅಂದುಕೊಂಡೆ. ಕಡಿಸಿಬಿಡೋಣ ಅಂತ ಮಾತೂ ಆಯಿತು. ಕಡಿಯುವವನಿಗೆ ಪುರುಸೊತ್ತು ಸಿಗಲಿಲ್ಲ. ಯುಗಾದಿಗೆ ಅದೇ ಗಿಡದ ಹೂವು ನಮ್ಮ ಪಾನಕದಲ್ಲಿತ್ತು.

ದನ ತಿನ್ನೋದು

ಇಷ್ಟೆಲ್ಲ ಆದ ಮೇಲೂ ಬನ್ನಿ ಮನಸ್ಸಿನಿಂದ ಹೋಗಲಿಲ್ಲ. ಓದುತ್ತಾ ಹೋದೆ. ನಾವು ವರ್ಷಕ್ಕೆರಡು ಸಲ, ದಸರಾಕ್ಕೆ ಮತ್ತು ಎಳ್ಳಮಾವಾಸ್ಯೆಗೆ ನೆನೆಸುವ ಈ ಗಿಡವನ್ನು ರಾಜಸ್ಥಾನದವರು ದಿನಾ ತಿನ್ನುತ್ತಾರೆ. ಅಲ್ಲಿ ಅದು ಖೇಜ್ರಿ, ಅವರ ರಾಜ್ಯ ವೃಕ್ಷ. ಎಳೆ ಕಾಯಿಗೆ ಸಾಂಗ್ರಿ ಅಂತ ಹೆಸರು. ಕುದಿಸಿ ಒಣಗಿಸಿಟ್ಟು ವರ್ಷವೆಲ್ಲ ಪಲ್ಯ ಮಾಡುತ್ತಾರೆ, ಪೇಟೆಯಲ್ಲಿ ಬಾದಾಮಿಯ ಜೊತೆ ರೇಟು ಕೇಳುವಂಥ ಪದಾರ್ಥ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ ಈ ಗಿಡ ಕಡಿಯಬಾರದು ಅಂತ ಅಪ್ಪಿಕೊಂಡು 363 ಬಿಷ್ಣೋಯಿ ಜನ ಪ್ರಾಣ ಕೊಟ್ಟರು. 1868-69ರ ಬರದಲ್ಲಿ ಅಲ್ಲಿಯ ಜನ ಇದರ ತೊಗಟೆ ಬೀಸಿ ಹಿಟ್ಟು ಮಾಡಿ ತಿಂದು ಬದುಕಿದರು.

ನಮ್ಮ ಹೊಲದ ಬನ್ನಿಯ ಬುಡದಲ್ಲಿ ಐದು ಕಲ್ಲುಗಳಿವೆ, ಪಾಂಡವರು. ಎಳ್ಳಮಾವಾಸ್ಯೆಗೆ ಸುಣ್ಣ ಬಳಿದು, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಡೆ ಇಟ್ಟು, ಚರಗ ಚೆಲ್ಲಿ (ಹೊಲಕ್ಕೆಲ್ಲ ಎಡೆ ಎರಚಿ), ಆ ನೆರಳಲ್ಲೇ ಊಟ. ನಮ್ಮ ಕಾಕಿ ಭಜ್ಜಿಗೆ ಹಸಿ ತೊಗರಿ, ಹಸಿ ಕಡಲೆಯ ಜೊತೆ ನಾಲ್ಕು ಬಾರಿಕಾಯಿ ಹಾಕುತ್ತಾಳೆ. ಇಷ್ಟು ಊಟ ಮಾಡಿದ ಜಾಗದಲ್ಲಿ, ತಲೆಯ ಮೇಲೆ ತೂಗುವ ಕಾಯಿ ತಿನ್ನಬಹುದು ಅಂತ ಯಾರೂ ಹೇಳಿರಲಿಲ್ಲ. ಬರ ನಮ್ಮಲ್ಲೂ ಬಂದಿದೆ. ಬಂದಾಗ ಬೇರೆ ಏನೇನೋ ತಿಂದಿದ್ದೇವೆ. ಕೈ ಮುಗಿಯುವ ಗಿಡ ಅಂತ ಬಿಟ್ಟೆವೋ, ಜೋಳ ಇತ್ತಲ್ಲ ಅಂತ ಬಿಟ್ಟೆವೋ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಕಿತ್ತೆ. ಸುತ್ತ ಎಲ್ಲ ಒಣಗಿದ್ದಾಗ ಬನ್ನಿ ಹೊಸ ಎಲೆ ಬಿಟ್ಟುಕೊಂಡು ಹಸಿರಾಗಿತ್ತು, ಅದರ ಬೇರು ಅಷ್ಟು ಆಳ. ಕಾಯಿ ಸಣ್ಣಗೆ, ಉದ್ದಕ್ಕೆ, ಜೋತು ಬಿದ್ದಿದ್ದವು. ಕಿತ್ತ ಮೇಲೂ ಟೊಂಗೆ ಹಿಡಿದು ಹೆಬ್ಬೆರಳಿನಿಂದ ಸವರಿ ನೋಡಿದೆ. ಅಷ್ಟು ಪಾಠ ಆದ ಮೇಲೂ ಹೆದರಿಕೆ. ಅರ್ಧ ಸೇರಿನಷ್ಟು ಸಿಕ್ಕವು.

ಕಾಕಿ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಎವ್ವಾ, ಕಲಬುರ್ಗ್ಯಾಗ ಕಾಯಿಪಲ್ಯಾ ಸಿಗಂಗಿಲ್ಲೇನು? ದನ ತಿನ್ನೋದು ಅದು."

"ರಾಜಸ್ಥಾನದಾಗ ಮಂದಿ ತಿಂತಾರ ಕಾಕಿ."

"ಅಲ್ಲಿ ಏನೂ ಬೆಳ್ಯಾಂಗಿಲ್ಲ, ತಿಂತಾರ."

ಉಪ್ಪು ಅರಿಶಿನ ಹಾಕಿ ಕುದಿಸಿದೆ. ನೀರು ಬಸಿದೆ. ಎಣ್ಣೆಗೆ ಜೀರಿಗೆ, ಬೆಳ್ಳುಳ್ಳಿ, ಕೆಂಪು ಖಾರ, ಕೊನೆಗೆ ಹುಣಸೆಹುಳಿ. ಅಲ್ಲಿಯವರು ಹೇಗೆ ಮಾಡುತ್ತಾರೋ ಇರಲಿ ಅಂತ ಮೇಲೆ ಗುರೆಳ್ಳು ಪುಡಿ ಉದುರಿಸಿದೆ. ಅಣ್ಣನ ಮಗ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದು ನೋಡಿ, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ. ಏನೂ ಅನ್ನಲಿಲ್ಲ, ಇನ್ನೊಂದು ತಗೊಂಡ. ಕಾಕಿ ಮೊದಲು ತಟ್ಟೆ ದೂರ ಸರಿಸಿದಳು. ಆಮೇಲೆ ಸುಮ್ನೆ ನೋಡೋಣ ಅನ್ನುವ ಹಾಗೆ ರೊಟ್ಟಿಯ ತುದಿಯಲ್ಲಿ ಸ್ವಲ್ಪ ಎತ್ತಿದಳು. ಅಗಿದಳು. ಬಹಳ ಹೊತ್ತು ಅಗಿದಳು.

"ಚವಳಿಕಾಯಿ ಹಂಗೇ ಅದ" ಅಂದಳು. ಬಾಯಿಂದ ನಾರು ತೆಗೆದು ತಟ್ಟೆಯ ಅಂಚಿಗೆ ಇಟ್ಟಳು. "ಆದ್ರ ಬಲಿತಾವ. ಹದಿನೈದು ದಿನ ಮೊದಲ ಕೀಳಬೇಕಿತ್ತು."